ಬಾಲ್‌ಕೆರಿ ಒರತೆಯ ಗಂಟು

ಬಾಲ್‌ಕೆರಿ, ರಾಸ್ ಸೀಮೆ, ಸ್ಕಾಟ್ಲೆಂಡ್
3 ಸೆಪ್ಟೆಂಬರ್ 2023

ಪ್ರೀತಿಯ ಅತ್ಯಾ,

ನಮಸ್ಕಾರ. ಫೋನ್ ಮಾಡಿದರೆ ನೀವು ಎತ್ತುವುದೇ ಇಲ್ಲ. ಎತ್ತಿದರೂ "ಹಾಂ ಹಾಂ, ಛಲೋ ಇದ್ದೀವಿ" ಎಂದು ಇಟ್ಟುಬಿಡುತ್ತೀರಿ. ನನ್ನ ಮೇಲೆ ಸಿಟ್ಟೇ ಎಂದು ಅಪ್ಪನನ್ನು ಕೇಳಿದೆ. "ಸಿಟ್ಟೂ ಇಲ್ಲ, ಏನೂ ಇಲ್ಲ. ನಿಮ್ಮ ಅತ್ಯಾಗ ಕಾಗದಾ ಬರಿ. ಅಕಿಗೆ ಕಾಗದಾ ಅಂದ್ರ ಭಾಳ ಪ್ರೀತಿ" ಎಂದರು. ಅದಕ್ಕೇ ಈ ಕಾಗದ. ಸ್ನೇಹಕ್ಕನೂ ಈಚೆಗೆ ಮಾತಾಡುವುದಿಲ್ಲ, ವಾಟ್ಸಾಪಿನಲ್ಲಿ ಬರೀ ಹೂವಿನ ಚಿತ್ರ ಕಳಿಸುತ್ತಾಳೆ. ತಾಯಿ ಮಗಳು ಸೇರಿ ನನ್ನನ್ನು ಮರೆತಿರೇನು?

ನಾನಿಲ್ಲಿ ಹಳ್ಳಿ ಹಳ್ಳಿ ತಿರುಗುವ ನರ್ಸ್. ಬೆಳಿಗ್ಗೆ ಕಾರು ಹತ್ತಿದರೆ ಒಂದೂರಲ್ಲಿ ಗಾಯಕ್ಕೆ ಪಟ್ಟಿ, ಇನ್ನೊಂದೂರಲ್ಲಿ ಇಂಜೆಕ್ಷನ್, ಮತ್ತೊಂದೂರಲ್ಲಿ ಬರೀ ಚಹಾ ಮತ್ತು ಹರಟೆ. ಊರೆಂದರೆ ಕೆಲವು ಕಲ್ಲಿನ ಮನೆ, ಒಂದು ಚರ್ಚು, ಸುತ್ತ ಬಾರ್ಲಿ ಹೊಲ, ಅದರಾಚೆ ಸಮುದ್ರ. ಇಷ್ಟೇ ಅಲ್ಲವೇ ಎಂದುಕೊಂಡಿದ್ದೆ. ಈಗ ಹಾಗೆ ಅನ್ನುವ ಧೈರ್ಯವಿಲ್ಲ.

ಮೋರಗ್ ಎಂಬ ಅಜ್ಜಿ ನನ್ನ ಪೇಶಂಟ್. ಎಂಬತ್ತು ದಾಟಿದೆ, ಕಾಲಿಗೆ ಹುಣ್ಣು. ಈ ಊರಿನ ಇತಿಹಾಸ ಸಂಘಕ್ಕೆ ಅವರೇ ಅಧ್ಯಕ್ಷೆ. ರಜೆಯ ದಿನ ನನ್ನ ಕಾರಿನಲ್ಲಿ ಕೂತು "ಬಲಕ್ಕ ತಿರುಗಸು, ಇಲ್ಲೆ ನಿಲ್ಲಸು" ಎಂದು ಊರೂರು ತೋರಿಸುತ್ತಾರೆ. (ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಯಾಕೋ ಅವರು ಮಾತಾಡುವುದು ಹಾಗೇ ಕೇಳಿಸುತ್ತದೆ.) ಮೊನ್ನೆ ಒಂದು ಸ್ಮಶಾನದ ಮೂಲೆಯಲ್ಲಿ ಪುಟ್ಟ ಕಲ್ಲುಮನೆ ತೋರಿಸಿದರು. ಹಿಂದಿನ ಕಾಲದಲ್ಲಿ ಕಳ್ಳರು ಹೊಸ ಹೆಣಗಳನ್ನು ಅಗೆದು ಡಾಕ್ಟರಿಕೆ ಕಲಿಸುವವರಿಗೆ ಮಾರುತ್ತಿದ್ದರಂತೆ. ಊರವರು ಸರದಿಯಂತೆ ಆ ಮನೆಯಲ್ಲಿ ಕೂತು ತಮ್ಮವರ ಹೆಣ ಕಾಯುತ್ತಿದ್ದರು. ಅದು ಕೊಳೆತು ಯಾರಿಗೂ ಬೇಡವಾಗುವವರೆಗೆ ಕಾಯುತ್ತಿದ್ದರು. ನಾನೂ ಒಂದು ಹೆಣದ ಮುಂದೆ ನಿಂತೇ ನರ್ಸಿಂಗ್ ಕಲಿತವಳು. ಆ ಕಲ್ಲಿನ ಕಿಟಕಿಗೆ ಕೈಯಿಟ್ಟು ನಿಂತೆ.

ಬರುವಾಗ ಕಾಡಿನಂಚಿನಲ್ಲಿ ಒಂದು ಒರತೆ. ಸುತ್ತಲ ಮರಗಳ ತುಂಬ ಬಟ್ಟೆಯ ಚಿಂದಿಗಳು, ನಮ್ಮ ದರ್ಗಾಗಳಲ್ಲಿ ಕಟ್ಟುವ ಹಾಗೇ! ಕಾಯಿಲೆಯವರ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ ಕಟ್ಟುತ್ತಾರಂತೆ. ಕ್ರೈಸ್ತ ಧರ್ಮ ಬರುವುದಕ್ಕೂ ಮೊದಲಿನ ಪದ್ಧತಿ ಎಂದರು ಮೋರಗ್ ಅಜ್ಜಿ. ನಿಮ್ಮ ನೆನಪಾಯಿತು.

ನಿಮ್ಮ ಭಕ್ತಿ


ಕುಷಾಯಿಗೂಡ, ಹೈದರಾಬಾದ್
24 ಸೆಪ್ಟೆಂಬರ್ 2023

ಚಿ. ಭಕ್ತಿಗೆ ಅತ್ಯಾಳ ಆಶೀರ್ವಾದ.

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಅದನ್ನು ನೋಡಿಯೇ ಕಣ್ಣು ತುಂಬಿತು. ಸಿಟ್ಟಿಲ್ಲ ಮಗಳೇ, ನಮ್ಮ ಫೋನೇ ಸರಿಯಿಲ್ಲ. ಈ ಮನೆಯಲ್ಲಿ ಈ ವರ್ಷ ಯಾವುದೂ ಸರಿಯಿಲ್ಲ. ಕುಕ್ಕರಿನ ಸೀಟಿ ಕೆಟ್ಟಿದೆ, ಹೊಸದು ತಂದರೆ ಅದೂ ಕೆಟ್ಟದ್ದೇ, ಈಗಿನ ಮಾಲೇ ಹಾಗೆ. ಬೇಸಿಗೆಯಲ್ಲಿ ಹಿತ್ತಲ ಬೇವಿನ ಮರಕ್ಕೆ ಕೋಗಿಲೆಯೂ ಬರಲಿಲ್ಲ.

ನಿನ್ನ ಅಪ್ಪನಿಗೆ ನಾನೇ ಹೇಳಬೇಡ ಎಂದಿದ್ದೆ. ಇನ್ನು ಮುಚ್ಚಿಡಲಾರೆ. ಜುಲೈನಲ್ಲಿ ಸ್ನೇಹಲತಾಗೆ ಥೈರಾಯ್ಡ್ ಆಪರೇಶನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು, ದೇವರು ದೊಡ್ಡವನು. ಆದರೆ ಎಚ್ಚರವಾದ ಮೇಲೆ ಬಾಯಿ ತೆರೆದರೆ ದನಿಯಿಲ್ಲ. ಬರೀ ಗಾಳಿ. ಧ್ವನಿಯ ನರಕ್ಕೆ ಪೆಟ್ಟಾಗಿದೆ, ತಿಂಗಳುಗಟ್ಟಲೆ ಹಿಡಿಯಬಹುದು, ಬಂದರೆ ಬಂತು ಎನ್ನುತ್ತಾರೆ. ತಾರ್ನಾಕದ ಶಾಲೆಯಲ್ಲಿ ಸಂಗೀತದ ಟೀಚರ್ ಆಗಿದ್ದವಳನ್ನು ಈಗ ಆಫೀಸಿನಲ್ಲಿ ಕೂರಿಸಿದ್ದಾರೆ. ಮನೆಗೆ ಬಂದು ಹಾರ್ಮೋನಿಯಂ ಪೆಟ್ಟಿಗೆಗೆ ಹೊದಿಸಿದ ಬಟ್ಟೆಯನ್ನು ಸರಿಮಾಡುತ್ತಾಳೆ, ತೆರೆಯುವುದಿಲ್ಲ. ನನಗೆ ನೋಡಲಾಗುವುದಿಲ್ಲ ಭಕ್ತಿ.

ಮೌಲಾಲಿ ಗುಡ್ಡ ಹತ್ತಿ ದರ್ಗಾದಲ್ಲಿ ದಾರ ಕಟ್ಟಿ ಬಂದೆ. ಮನೆದೇವರಿಗೂ ಹೇಳಿಕೊಂಡಿದ್ದೇನೆ. ನಿನ್ನ ಕಾಗದ ಓದಿದ ಮೇಲೆ ಆ ಒರತೆಯನ್ನೂ ಬಿಡಬಾರದು ಅನ್ನಿಸಿತು. ಹೆಣವನ್ನೇ ಕಾಯಲು ಮನೆ ಕಟ್ಟಿದ ಜನ, ಬದುಕಿದ್ದವರನ್ನು ಕಾಯದೆ ಬಿಟ್ಟಾರೆಯೇ?

ಇದರ ಜೊತೆ ಅವಳ ಹಸಿರು ಹತ್ತಿ ಸೀರೆಯ ಚಿಂದಿ ಇಟ್ಟಿದ್ದೇನೆ. ಟ್ರಂಕಿನಿಂದ ಕದ್ದದ್ದು. ಜೊತೆಗೆ ಮೇಣದ ದಾರವೂ ಇದೆ. ನಾನು ಕಾರ್ಖಾನೆಯಲ್ಲಿ ಜೀವಮಾನವೆಲ್ಲ ವೈರುಗಳ ಕಟ್ಟು ಕಟ್ಟಿದ್ದು ಇದೇ ದಾರದಲ್ಲಿ. "ಕೃಷ್ಣಾಬಾಯಿ ಗಂಟ ಹಾಕಿದ್ರ ಮುಗೀತರಿ, ಬ್ಲೇಡೇ ಬೇಕು" ಎನ್ನುತ್ತಿದ್ದರು ನಮ್ಮ ಇನ್‌ಸ್ಪೆಕ್ಟರ್. ಗಂಟು ಹೇಗೆ ಹಾಕಬೇಕೆಂದು ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ. ಚಿಂದಿಯ ಉದ್ದಕ್ಕೂ ಸುತ್ತಿ, ಕೊಂಬೆಗೆ ಬಿಗಿ. ಅಲ್ಲಿಯ ಗಾಳಿ ಮಳೆಗೆ ಹಾರಿಹೋಗಬಾರದು.

ಇದು ನಮ್ಮಿಬ್ಬರಲ್ಲೇ ಇರಲಿ. ಸ್ನೇಹಳಿಗೆ ಗೊತ್ತಾದರೆ ನಗುತ್ತಾಳೆ. ಈಗ ನಗುವಾಗಲೂ ಸಪ್ಪಳವಿಲ್ಲ ಅವಳಿಗೆ.

ನಿನ್ನ ಅತ್ಯಾ


ಬಾಲ್‌ಕೆರಿ
15 ಅಕ್ಟೋಬರ್ 2023

ಅತ್ಯಾ,

ಕಾಗದ ಓದಿ ಕಾರಿನಲ್ಲೇ ಕೂತು ಅತ್ತೆ. ಹೂವಿನ ಚಿತ್ರ ಕಳಿಸುತ್ತಾಳೆಂದು ಆಡಿಕೊಂಡೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ನಿನ್ನೆ ಕೆಲಸ ಮುಗಿಸಿ ಒಬ್ಬಳೇ ಒರತೆಗೆ ಹೋದೆ. ಎಲೆಗಳೆಲ್ಲ ಹಳದಿ ಕೆಂಪು. ಪಾಚಿ ಕಟ್ಟಿದ ಕಲ್ಲಿನ ನಡುವಿಂದ ನೀರು ಸಣ್ಣಗೆ ಬರುತ್ತದೆ, ಸದ್ದೇ ಇಲ್ಲ. ಮೊದಲು ಒರತೆಯನ್ನು ಸುತ್ತಬೇಕಂತೆ. ಯಾವ ದಿಕ್ಕಿಗೆ ಗೊತ್ತೇ? ಸೂರ್ಯ ಹೋಗುವ ದಿಕ್ಕಿಗೆ. ನಮ್ಮ ಪ್ರದಕ್ಷಿಣೆಯೇ ಅತ್ಯಾ! ಈ ಮಾತನ್ನು ಇವರಿಗೆ ಯಾರು ಹೇಳಿದರು, ನಮಗೆ ಯಾರು ಹೇಳಿದರು? ಸುತ್ತುತ್ತ ಸುತ್ತುತ್ತ ನನಗೆ ಊರು ದೇಶ ಎಲ್ಲ ಮರೆತುಹೋಯಿತು.

ಮರಗಳಲ್ಲಿ ಮಕ್ಕಳ ಕಾಲುಚೀಲ, ಯಾರದೋ ಶಾಲೆಯ ಟೈ, ಒಂದು ಮದುವೆಯ ರಿಬ್ಬನ್ನು. ಎಷ್ಟು ಜನ ತಮ್ಮವರ ಹೆಸರು ಹೇಳಿ ಇಲ್ಲಿ ನಿಂತಿರಬೇಕು! ನಾನು ನೀರು ಕುಡಿದು, ಚಿಂದಿ ಅದ್ದಿ, ಸ್ನೇಹಕ್ಕನ ಹೆಸರನ್ನು ಜೋರಾಗಿ ಹೇಳಿದೆ. ಒಂದು ಹಕ್ಕಿ ಹಾರಿತು, ಅಷ್ಟೇ. ನೀವು ಬರೆದ ಚಿತ್ರದಂತೆಯೇ ದಾರ ಸುತ್ತಿ ಗಂಟು ಹಾಕಿದೆ. ಎರಡು ಸಲ ತಪ್ಪಿತು, ಆಮೇಲೆ ಕೂತಿತು. ಎಳೆದು ನೋಡಿದೆ, ಕೊಂಬೆ ಬಾಗಿತೇ ಹೊರತು ಗಂಟು ಅಲುಗಲಿಲ್ಲ.

ಚಿಂತೆ ಮಾಡಬೇಡಿ. ಇಂಥ ಆಪರೇಶನ್ ಆದವರಿಗೆ ಎಷ್ಟೋ ಸಲ ದನಿ ತಾನಾಗಿ ಮರಳುತ್ತದೆ. ಇದು ನರ್ಸಿನ ಮಾತು.

ನಿಮ್ಮ ಭಕ್ತಿ


ಕುಷಾಯಿಗೂಡ
8 ನವೆಂಬರ್ 2023

ಭಕ್ತಿ,

ಗಂಟು ಚೆನ್ನಾಗಿ ಕೂತಿದೆ ಎಂದು ಓದಿ ಸಮಾಧಾನವಾಯಿತು. ಕಾರ್ಖಾನೆಗೆ ಸೇರಿದ್ದರೆ ನಿನ್ನನ್ನು ನಾನೇ ತಯಾರು ಮಾಡುತ್ತಿದ್ದೆ.

ಇಲ್ಲಿ ಏನೂ ಬದಲಾಗಿಲ್ಲ. ದೀಪಾವಳಿಯ ಕಾರ್ಯಕ್ರಮಕ್ಕೆ ಕರೆಯಲು ನಮ್ಮ ಕನ್ನಡ ಸಂಘದವರು ಬಂದು, "ಈ ಸಲ ಸ್ನೇಹಾ ಹಾಡಲಿಲ್ಲಂದ್ರ ಕಾರ್ಯಕ್ರಮ ಸಪ್ಪಗ ಆಗ್ತೈತರಿ" ಎಂದರು. ಅವರಿಗೆ ಗೊತ್ತಿರಲಿಲ್ಲ. ಸ್ನೇಹ ಚಹಾ ತಂದಿಟ್ಟು ಒಳಗೆ ಹೋದಳು. ಆ ರೂಮಿನ ಬಾಗಿಲು ಆಮೇಲೆ ಎಷ್ಟೋ ಹೊತ್ತು ತೆರೆಯಲಿಲ್ಲ.

ಚಿಂದಿ ಗಟ್ಟಿಯಾಗಿದೆಯೇ, ನೋಡಿ ಬರೆ. ಹರಿದಿದ್ದರೆ ಹೇಳು, ಬೇರೆ ಕಳಿಸುತ್ತೇನೆ.

ಅತ್ಯಾ


ಬಾಲ್‌ಕೆರಿ
2 ಡಿಸೆಂಬರ್ 2023

ಅತ್ಯಾ,

ಹೇಗೆ ಬರೆಯಲಿ ಎಂದು ವಾರವೆಲ್ಲ ಯೋಚಿಸಿದೆ. ಮೋರಗ್ ಅಜ್ಜಿಯನ್ನು ಒರತೆಗೆ ಕರೆದುಕೊಂಡು ಹೋಗಿದ್ದೆ, ನಮ್ಮ ಹಸಿರು ಚಿಂದಿ ತೋರಿಸೋಣವೆಂದು. ಹೆಮ್ಮೆಯಿಂದಲೇ ಹೋದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ದಾರವನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಇದು ಯಾವ ದಾರ?"

"ನೈಲಾನ್ ಅಜ್ಜಿ. ಮೇಣಾ ಹಚ್ಚಿದ್ದು. ಭಾಳ ಗಟ್ಟಿ."

"ಅಯ್ಯ ಹುಡುಗಿ, ಏನ ಮಾಡಿದಿ ನೀನು! ಅರಬಿ ಕೊಳೀಬೇಕು. ಅದು ಕೊಳತಂಗ ಕೊಳತಂಗ ಜಡ್ಡು ಹೋಗತೈತಿ. ನೀ ಜಡ್ಡನ್ನ ಗಟ್ಟಿ ಕಟ್ಟಿಬಿಟ್ಟಿಯಲ್ಲ!"

ಅಂದರೆ ಇಲ್ಲಿಯ ಪದ್ಧತಿ ನಮ್ಮದಲ್ಲ ಅತ್ಯಾ. ಬಟ್ಟೆ ಉಳಿಯಬಾರದು. ಗಾಳಿ ಮಳೆಗೆ ನವೆದು, ಎಳೆ ಎಳೆಯಾಗಿ ಬಿದ್ದು, ಮಣ್ಣಾಗಬೇಕು. ಅದಕ್ಕೇ ಹತ್ತಿ, ಉಣ್ಣೆ ಮಾತ್ರ ಕಟ್ಟಬೇಕು. ಈಗಿನವರು ಪ್ಲಾಸ್ಟಿಕ್ಕು ನೈಲಾನು ಕಟ್ಟಿ ಹಾಳು ಮಾಡುತ್ತಾರೆಂದು ಮೋರಗ್ ಅಜ್ಜಿಗೆ ಮೊದಲೇ ಸಿಟ್ಟು. ಹೆಣ ಕೊಳೆಯುವವರೆಗೆ ಕಾದ ಊರು ಇದು, ನನಗೇ ಹೊಳೆಯಬೇಕಿತ್ತು. ಅರ್ಧ ಕೇಳಿಸಿಕೊಂಡು ನಿಮಗೆ ಬರೆದೆ.

ನಿಮ್ಮ ಚಿಂದಿ ಬಣ್ಣಗೆಟ್ಟಿದೆ. ಅಂಚು ನವೆದಿದೆ. ಆದರೆ ದಾರ ಸುತ್ತಿದ ಕಡೆಯೆಲ್ಲ ಹಾಗೇ ಗಟ್ಟಿಯಾಗಿ ಕೂತಿದೆ.

ಬೇಜಾರು ಮಾಡಿಕೊಳ್ಳಬೇಡಿ. ಇವೆಲ್ಲ ಹಳೆಯ ನಂಬಿಕೆ.

ಭಕ್ತಿ


ಕುಷಾಯಿಗೂಡ
22 ಡಿಸೆಂಬರ್ 2023

ಭಕ್ತಿ,

ಹಳೆಯ ನಂಬಿಕೆ ಅಂತೆ. ಹೊಸ ನಂಬಿಕೆ ಯಾವುದಿದೆ ಹೇಳು, ಅದನ್ನೂ ಮಾಡುತ್ತೇನೆ.

ನಿನ್ನ ಕಾಗದ ಓದಿದಾಗಿನಿಂದ ನನ್ನ ಕೈಗಳನ್ನೇ ನೋಡುತ್ತಿದ್ದೇನೆ. ಗಟ್ಟಿ ಕಟ್ಟುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಅದನ್ನೇ ನನ್ನ ಮಗಳ ಗಂಟಲಿಗೆ ಕಟ್ಟಿಬಿಟ್ಟೆನೇ? ಇಲ್ಲಿ ನಾವು ಕಟ್ಟಿದ್ದು ಬಿದ್ದರೆ ಅಪಶಕುನ. ಅಲ್ಲಿ ಬೀಳದಿದ್ದರೆ ಕೇಡು. ನಾನೇನು ಕನಸು ಕಂಡಿದ್ದೆನೇ?

ಕೂಡಲೇ ಹೋಗಿ ಬಿಚ್ಚು. ಕತ್ತರಿ ಹಾಕಬೇಡ, ಚಿಂದಿಯೂ ತುಂಡಾದೀತು. ದಬ್ಬಣದ ಮೊನೆಯಿಂದ ನಡುವಿನ ಎಳೆಯನ್ನು ಎತ್ತಿದರೆ ಸಡಿಲವಾಗುತ್ತದೆ. ಮತ್ತೆ ಬರೀ ಹತ್ತಿಯ ದಾರದಲ್ಲಿ ಕಟ್ಟು. ಅದೂ ಕೊಳೆಯಲಿ, ಇದೂ ಕೊಳೆಯಲಿ.

ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಗೊತ್ತಿಲ್ಲದೆ ಆದ ತಪ್ಪು ಎಂದು ಹೇಳು.

ಅತ್ಯಾ


ಬಾಲ್‌ಕೆರಿ
20 ಜನವರಿ 2024

ಅತ್ಯಾ,

ಇಲ್ಲಿ ಹಿಮ ಬಿದ್ದಿದೆ. ಕಾಡಿನ ದಾರಿ ಮುಚ್ಚಿದೆ. ಮೇಲಾಗಿ ಇಬ್ಬರು ನರ್ಸುಗಳು ರಜೆಯಲ್ಲಿದ್ದಾರೆ, ಅವರ ಊರುಗಳೂ ನನ್ನ ತಲೆಯ ಮೇಲೆ. ಹೋಗುತ್ತೇನೆ, ಖಂಡಿತ ಹೋಗುತ್ತೇನೆ.

ಮೊನ್ನೆ ಗುಡ್ಡದ ನಡುವಿನ ಒಂದು ಕಣಿವೆಗೆ ಹೋಗಿದ್ದೆ. ಅಲ್ಲೊಂದು ಊರಿತ್ತಂತೆ. ಜಮೀನುದಾರನಿಗೆ ಜನರಿಗಿಂತ ಕುರಿ ಲಾಭವೆಂದು ಕಂಡಿತು. ಒಕ್ಕಲುಗಳನ್ನೆಲ್ಲ ಎಬ್ಬಿಸಿದ. ಕೆಲವರು ಸಮುದ್ರದ ದಂಡೆಗೆ ಹೋದರು, ಕೆಲವರು ಹಡಗು ಹತ್ತಿದರು. ಈಗ ಒಂದು ಗೋಡೆಯೂ ಮೊಣಕಾಲಿಗಿಂತ ಎತ್ತರವಿಲ್ಲ. ಆದರೆ ಒಂದೊಂದು ಮನೆಯ ಬಾಗಿಲಿದ್ದ ಕಡೆ ಒಂದೊಂದು ಮರ ನಿಂತಿದೆ, ದೃಷ್ಟಿ ತಾಗದಿರಲೆಂದು ಆಗ ನೆಟ್ಟ ಮರದ ಪೀಳಿಗೆ. ಹಿಮದಲ್ಲಿ ಬರೀ ಆ ಮರಗಳು. ಮನೆಗಳಿಲ್ಲ, ಬಾಗಿಲಿಲ್ಲ, ಬಾಗಿಲ ಕಾವಲು ಮಾತ್ರ ಇದೆ. ನಾನು ಒಂದು ಮರದ ಎದುರು ನಿಂತು, ಒಳಗೆ ಬರಲೇ ಎಂದು ಕೇಳಿಬಿಟ್ಟೆ. ಹುಚ್ಚಿ ಅನ್ನಿ.

ಸ್ನೇಹಕ್ಕ ಹೇಗಿದ್ದಾಳೆ?

ಭಕ್ತಿ


ಕುಷಾಯಿಗೂಡ
10 ಫೆಬ್ರವರಿ 2024

ಭಕ್ತಿ,

ಗುಡ್ಡದ ಕಣಿವೆಗೆ ಹೋಗಲು ಹಿಮ ಅಡ್ಡ ಬರಲಿಲ್ಲ, ಊರ ಪಕ್ಕದ ಒರತೆಗೆ ಅಡ್ಡ ಬಂತೇ? ನಿನ್ನನ್ನು ಎತ್ತಿ ಆಡಿಸಿದವಳು ನಾನು. ನೀನು ಸುಳ್ಳು ಹೇಳುವಾಗ ಯಾವಾಗಲೂ ಕತೆ ಉದ್ದವಾಗುತ್ತದೆ.

ನಾನೂ ಸುಳ್ಳು ಹೇಳಿದ್ದೇನೆ, ಅದಕ್ಕೆ ನಿನಗೆ ಬೈಯಲು ಬಾಯಿ ಬರುತ್ತಿಲ್ಲ. ನಮ್ಮ ಕುಕ್ಕರ್ ಕೆಟ್ಟಿಲ್ಲ. ಫೋನ್ ಕೆಟ್ಟಿಲ್ಲ. ಕೋಗಿಲೆಯೂ ಬಂದಿತ್ತಂತೆ, ಪಕ್ಕದ ಮನೆಯ ಗುರುಬಾಯಿ ಹೇಳಿದಳು. ಕೆಟ್ಟಿರುವುದು ನನ್ನ ಕಿವಿ. ಮಷೀನ್ ಹಾಕಿ ನೋಡಿದೆ, ಪಾತ್ರೆ ಉರುಳಿದ ಹಾಗೆ ಗದ್ದಲ, ಮಾತು ತಿಳಿಯುವುದಿಲ್ಲ. ಡಾಕ್ಟರ್ ಕಾಗದದಲ್ಲಿ ಗೆರೆ ಎಳೆದು ತೋರಿಸಿದರು. ಸಣ್ಣ ದನಿಗಳು ಮೊದಲು ಹೋಗುತ್ತವಂತೆ, ದಪ್ಪ ದನಿಗಳು ಕಡೆಗೆ. ಮೌಲಾಲಿ ಸ್ಟೇಶನ್ನಿನ ಗೂಡ್ಸ್ ಗಾಡಿ ಈಗಲೂ ಕೇಳುತ್ತದೆ. ಸೀಟಿ, ಹಕ್ಕಿ, ಬಾಗಿಲ ಗಂಟೆ ಹೋದವು. ಉಳಿದದ್ದೂ ಹೋಗುತ್ತದೆ, ಯಾವಾಗ ಎಂದು ಹೇಳಲು ಬರುವುದಿಲ್ಲ ಎಂದರು.

ನಮ್ಮ ಸ್ನೇಹಳ ದನಿ ಎಷ್ಟು ಸಣ್ಣದು ನಿನಗೆ ಗೊತ್ತು. ಆಪರೇಶನ್ನಿಗೆ ಮೊದಲೇ ಅವಳ ಮೇಲಿನ ಸ್ವರಗಳು ನನಗೆ ಕೇಳುತ್ತಿರಲಿಲ್ಲ. ಬಾಯಿ ನೋಡಿ ತಲೆದೂಗುತ್ತಿದ್ದೆ. ಅವಳಿಗೆ ತಿಳಿಯದ ಹಾಗೆ ನಡೆಸಿಕೊಂಡು ಬಂದೆ. ಈಗ ಅವಳಿಗೂ ಗೊತ್ತು. ಒಬ್ಬಳಿಗೆ ದನಿಯಿಲ್ಲ, ಒಬ್ಬಳಿಗೆ ಕಿವಿಯಿಲ್ಲ, ಊಟದ ಮುಂದೆ ಕೈಸನ್ನೆ ಮಾಡಿಕೊಂಡು ಕೂರುತ್ತೇವೆ.

ಪೂರ್ತಿ ಕಿವುಡಾಗುವ ಮೊದಲು ನನ್ನ ಮಗಳು ಒಮ್ಮೆ ನನ್ನನ್ನು ಅವ್ವಾ ಎಂದು ಕರೆಯುವುದನ್ನು ಕೇಳಬೇಕು. ಹಾಡು ಬೇಡ. ಅಷ್ಟು ಸಾಕು. ಅದಕ್ಕೇ ಅವಸರ. ಬಿಚ್ಚುವುದಿಲ್ಲವೆಂದರೆ ಯಾಕೆಂದು ಹೇಳು.

ಅತ್ಯಾ


ಬಾಲ್‌ಕೆರಿ
3 ಮಾರ್ಚ್ 2024

ಅತ್ಯಾ,

ಕ್ಷಮಿಸಿ. ನಿಮಗೆ ಒಂದು ಮಾತು ಹೇಳದೆ ಮುಚ್ಚಿಟ್ಟಿದ್ದೆ.

ಮೋರಗ್ ಅಜ್ಜಿ ಅವತ್ತೇ ಇನ್ನೊಂದು ಹೇಳಿದ್ದರು. ಆ ಮರದಿಂದ ಯಾರು ಚಿಂದಿ ಬಿಚ್ಚುತ್ತಾರೋ ಅದರ ಕಾಯಿಲೆ ಅವರಿಗೆ ಅಂಟುತ್ತದೆ. ಅದಕ್ಕೇ ಇಷ್ಟು ವರ್ಷವಾದರೂ ಊರವರು ಯಾರೂ ಒಂದನ್ನೂ ಮುಟ್ಟುವುದಿಲ್ಲ. ಮರ ಉರುಳಿದರೂ ಚಿಂದಿಗಳೊಂದಿಗೇ ಬಿದ್ದಿರಲಿ ಎಂದು ಬಿಡುತ್ತಾರೆ.

ನಿಮ್ಮ ಕಾಗದ ಬಂದ ಮೇಲೆ ನಾನು ಎರಡು ಸಲ ಹೋದೆ. ದಬ್ಬಣ ತೆಗೆದುಕೊಂಡೇ ಹೋದೆ. ದಿನಾ ಹುಣ್ಣು ತೊಳೆಯುವವಳು, ಕಾಯಿಲೆ ಹೇಗೆ ಅಂಟುತ್ತದೆಂದು ಓದಿದವಳು. ಇದೆಲ್ಲ ಸುಳ್ಳೆಂದು ಜೋರಾಗಿ ಹೇಳಿಕೊಂಡೆ. ಆದರೆ ಕೈ ಮುಂದೆ ಹೋಗಲಿಲ್ಲ. ಅಷ್ಟು ಬಟ್ಟೆಗಳು ಅಲುಗುತ್ತವೆ, ಒಂದೂ ಸದ್ದಿಲ್ಲ. ಎಷ್ಟು ತಲೆಮಾರಿನ ನೋವು ಅಲ್ಲಿ ತೂಗುತ್ತಿದೆ! ನನ್ನ ಗಂಟಲನ್ನು ನಾನೇ ಹಿಡಿದುಕೊಂಡು ಓಡಿ ಬಂದೆ. ನನಗೆ ಭಯವಾಯಿತು ಅತ್ಯಾ. ಸ್ನೇಹಕ್ಕನಿಗಾಗಿ ಅಷ್ಟೂ ಮಾಡಲಾಗಲಿಲ್ಲ.

ಭಕ್ತಿ


ಕುಷಾಯಿಗೂಡ
20 ಮಾರ್ಚ್ 2024

ನನ್ನ ಬಂಗಾರದಂಥ ಭಕ್ತಿ,

ಅಳಬೇಡ. ನೀನು ಬಿಚ್ಚಲಿಲ್ಲವಲ್ಲ, ಛಲೋ ಆಯಿತು. ನಿನ್ನ ತಾಯಿಗೆ ನಾನೇನು ಉತ್ತರ ಕೊಡುತ್ತಿದ್ದೆ?

ಆದರೆ ಹುಚ್ಚಿ, ಇಂಥ ಮಾತನ್ನು ಮುಚ್ಚಿಡುವುದೇ? ಮೊದಲೇ ಹೇಳಿದ್ದರೆ ಇಷ್ಟು ತಿಂಗಳು ದಂಡವಾಗುತ್ತಿರಲಿಲ್ಲ. ಬಿಚ್ಚಿದವರಿಗೆ ಬರುತ್ತದೆ ಎಂದ ಮೇಲೆ ದಾರಿ ಸಿಕ್ಕ ಹಾಗಾಯಿತಲ್ಲ! ಅದು ನನ್ನ ಗಂಟು. ನಾನೇ ಬಿಚ್ಚುತ್ತೇನೆ. ನನಗೆ ಬರಲಿ. ನನ್ನ ದನಿ ಇದ್ದರೇನು, ಹೋದರೇನು? ನಾನು ಏನು ಮಾತಾಡುತ್ತೇನೆಂದು ನನಗೇ ಕೇಳುವುದಿಲ್ಲ. ತರಕಾರಿಯವನ ಜೊತೆ ಜಗಳವಾಡಲು ಮಾತ್ರ ದನಿ ಬೇಕು, ಅದನ್ನು ಕೈಸನ್ನೆಯಲ್ಲೇ ಮಾಡುತ್ತೇನೆ.

ಗಂಟು ಮುಟ್ಟಬೇಡ. ಕೊಂಬೆಯನ್ನೇ ಕತ್ತರಿಸಿ, ಗಂಟಿನ ಸಮೇತ ನನಗೆ ಕಳಿಸು. ಅಜ್ಜಿಯ ಅಪ್ಪಣೆ ಕೇಳಿಕೊಂಡು ಕತ್ತರಿಸು. ಅವರ ಊರಿನ ಮರ, ಅವರ ಊರಿನ ದೇವರು. ಅವರು ಬೇಡವೆಂದರೆ ಬೇಡ. ಆದರೆ ಒಬ್ಬ ತಾಯಿ ಕೇಳುತ್ತಿದ್ದಾಳೆ ಎಂದು ಹೇಳು.

ಅತ್ಯಾ


ಬಾಲ್‌ಕೆರಿ
14 ಏಪ್ರಿಲ್ 2024

ಅತ್ಯಾ,

ನಿಮ್ಮ ಕಾಗದವನ್ನು ಮೋರಗ್ ಅಜ್ಜಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. "ನನ್ನ ಗಂಟು, ನನಗೆ ಬರಲಿ" ಎನ್ನುವಲ್ಲಿಗೆ ಬಂದಾಗ, "ಇನ್ನೊಮ್ಮೆ ಓದು" ಎಂದರು. ಓದಿದೆ. ಕಾಲಿನ ಪಟ್ಟಿ ಅರ್ಧ ಕಟ್ಟಿತ್ತು, ಹಾಗೇ ಎದ್ದು ಕೋಟು ಹಾಕಿಕೊಂಡರು.

ಒರತೆಯ ಹತ್ತಿರ ಒಂದು ಕಲ್ಲಿನ ಮೇಲೆ ಕೂತರು. ಆಮೇಲೆ ಹೇಳಿದರು:

"ಹಿಂಗ ಕೇಳಿದಾಕಿ ಇನ್ನೊಬ್ಬಾಕಿ ಇದ್ದಳು. ನಾ ಆಗ ಕೂಸು. ಕಾಲು ನೆಲಕ್ಕ ಊರತಿದ್ದಿಲ್ಲ. ನನ್ನ ಲಂಗದ ಚೂರು ತಂದು ಇಲ್ಲೇ ಕಟ್ಟಿದಳು. ಕೊಳಿಯೂತನಕಾ ಕಾಯಾಕ ಆಗಲಿಲ್ಲ ಅಕಿಗೆ. ಬೆಳಕು ಹರಿಯೂದರಾಗ ಬಂದು, ತಾನ ಬಿಚ್ಚಿ, ತನ್ನ ಕಾಲಿಗೆ ಸುತಗೊಂಡು ಮನಿಗೆ ಬಂದಳು."

"ನಿಮ್ಮ ಅವ್ವನಾ ಅಜ್ಜಿ?"

"ಹೂಂ."

"ಆಮ್ಯಾಲೆ?"

"ನಾ ನಡೀತೀನಿ, ನೋಡಾಕತ್ತಿ ಅಲ್ಲ? ಅಕಿನೂ ಸಾಯೂತನಕಾ ಎರಡೂ ಕಾಲಲೆ ನಡದಳು. ಅದಕ್ಕ ಈ ಒರತಿ ಮ್ಯಾಲೆ ಅಕಿಗೆ ಜೀವನಾ ಪೂರ್ತಿ ಸಿಟ್ಟು. ನನ್ನ ಕಾಲು ಕೊಡತೀನಂದ್ರೂ ತಗೊಳ್ಳಲಿಲ್ಲ ಅಂತಿದ್ದಳು!"

ನಕ್ಕರು, ಕಣ್ಣೊರೆಸಿಕೊಂಡರು. ಊರಿನ ಇತಿಹಾಸವನ್ನೆಲ್ಲ ಅಷ್ಟು ಜನರಿಗೆ ಹೇಳಿದವರು ಇದನ್ನು ಯಾರಿಗೂ ಹೇಳಿರಲಿಲ್ಲವಂತೆ. ನಾನು ಆ ಒರತೆಯನ್ನೂ ನೋಡಿದೆ, ಆ ಅಜ್ಜಿಯ ಕಾಲುಗಳನ್ನೂ ನೋಡಿದೆ. ಎಂಬತ್ತು ವರ್ಷದ ಹಿಂದೆ ಒಬ್ಬಳು, ಈಗ ಕುಷಾಯಿಗೂಡದಲ್ಲಿ ಒಬ್ಬಳು.

ಕೊಂಬೆಯನ್ನು ಅವರು ಹಿಡಿದುಕೊಂಡರು, ನಾನು ಕತ್ತರಿಸಿದೆ. "ಕೊಂಬಿ ಕಡಿದ್ರ ಗಂಟ ಬಿಚ್ಚಿದಂಗ ಅಲ್ಲ. ಹೆದರಬ್ಯಾಡ" ಎಂದರು. ಇವತ್ತು ಪಾರ್ಸೆಲ್ ಮಾಡಿದ್ದೇನೆ.

ನಿಮ್ಮ ಭಕ್ತಿ


ಕುಷಾಯಿಗೂಡ
19 ಮೇ 2024

ಚಿ. ಭಕ್ತಿಗೆ,

ಪಾರ್ಸೆಲ್ ಈ ತಿಂಗಳ ಮೊದಲಲ್ಲಿ ಬಂತು. ಸ್ನೇಹ ಶಾಲೆಯ ಆಫೀಸಿಗೆ ಹೋಗಿದ್ದಳು. ನಾನು ಸ್ನಾನ ಮಾಡಿ ಹಿತ್ತಲ ಕಟ್ಟೆಯ ಮೇಲೆ ಕೂತೆ. ಆ ಪುಟ್ಟ ಕೊಂಬೆ ನೋಡಿ ಕೈಮುಗಿದೆ. ಎಲ್ಲಿಯ ಮರ, ಎಲ್ಲಿಯ ನೀರು, ನಮ್ಮ ಬೇವಿನ ನೆರಳಿಗೆ ಬಂದು ಕೂತಿದೆ! ಚಿಂದಿ ಬೂದಿ ಬಣ್ಣಕ್ಕೆ ತಿರುಗಿತ್ತು. ದಾರ ಮಾತ್ರ ಹೊಸದರ ಹಾಗೇ ಇತ್ತು. ನೀನು ಗಂಟು ಅಷ್ಟು ಚೆನ್ನಾಗಿ ಹಾಕಿದ್ದೀಯಲ್ಲ, ಬೈಯಬೇಕೋ ಹೊಗಳಬೇಕೋ ತಿಳಿಯಲಿಲ್ಲ.

ದಬ್ಬಣ ಹಾಕಿ ನಡುವಿನ ಎಳೆ ಎತ್ತಿದೆ. "ಅವಳದು ನನಗೆ ಬರಲಿ" ಎಂದು ಹೇಳುತ್ತಾ ಹೇಳುತ್ತಾ ಬಿಚ್ಚಿದೆ. ಕಡೆಯ ಸುತ್ತು ಬಿಡುತ್ತಲೇ ಚಿಂದಿ ಪುಡಿಪುಡಿಯಾಗಿ ಮಡಿಲಿಗೆ ಬಿತ್ತು. ಗಾಳಿಗೆ ಕೊಟ್ಟೆ.

ಆಮೇಲೆ ಒಂದು ತಮಾಷೆ ಕೇಳು. ನನ್ನ ದನಿ ಹೋಯಿತೋ ಇದೆಯೋ, ನನಗೆ ತಿಳಿಯುವುದು ಹೇಗೆ? "ರಾಮ ರಾಮ" ಎಂದೆ, ಸರಿಯಾಗಿ ಕೇಳಿಸಲಿಲ್ಲ. ಹೋಗಿರಬೇಕು ಎಂದು ಸಂತೋಷವಾಯಿತು. ಓಣಿಗೆ ಓಡಿ ತರಕಾರಿ ಮಾರುವ ತಾಯಪ್ಪನನ್ನು, "ಬೆಂಡಿಕಾಯಿ ಹೆಂಗೋ?" ಎಂದು ಕೇಳಿದೆ. ಅವನು ಬೆಚ್ಚಿಬಿದ್ದು ಬೆರಳು ತೋರಿಸಿ ರೇಟು ಹೇಳಿದ. "ಅಮ್ಮಾ, ಯಾಕ ಒದರತೀರಿ, ಇಲ್ಲೇ ಅದೀನಲ್ಲ" ಎಂದನಂತೆ, ಪಕ್ಕದಲ್ಲಿದ್ದ ಗುರುಬಾಯಿ ಕೈಯಲ್ಲಿ ತೋರಿಸಿ ನಕ್ಕಳು. ದನಿ ಎಲ್ಲಿಗೂ ಹೋಗಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಷ್ಟು ದೂರದಿಂದ ತರಿಸಿ, ಕೈಯೊಡ್ಡಿ ಕೇಳಿದರೂ ನನ್ನದನ್ನು ತೆಗೆದುಕೊಳ್ಳಲಿಲ್ಲವಲ್ಲ ಎಂದು ಕೆಟ್ಟ ಸಿಟ್ಟು ಬಂತು. ಮೋರಗ್ ಬಾಯಿಯವರಿಗೆ ಹೇಳು, ಅವರ ಅವ್ವನ ಸಿಟ್ಟು ನನಗೆ ತಿಳಿಯಿತು.

ಹೋದ ಭಾನುವಾರ. ನಾನು ಒಲೆಯ ಕಡೆ ಮುಖ ಮಾಡಿ ಪಲ್ಯ ಹೆಚ್ಚುತ್ತಿದ್ದೆ. ಹಿಂದಿನಿಂದ ಯಾರೋ ಗಂಡಸು, "ಅವ್ವಾ" ಎಂದ ಹಾಗಾಯಿತು. ಗ್ಯಾಸಿನವನು ಒಳಗೇ ಬಂದನಲ್ಲ ಎಂದು ಸಿಟ್ಟಿನಿಂದ ತಿರುಗಿದೆ. ಬಾಗಿಲಲ್ಲಿ ಸ್ನೇಹ ನಿಂತಿದ್ದಳು. ಗಂಟಲ ಮೇಲೆ ಕೈಯಿಟ್ಟುಕೊಂಡು, ತನಗೇ ನಂಬಿಕೆಯಿಲ್ಲದವಳ ಹಾಗೆ ನಿಂತಿದ್ದಳು. ನಾನು ಬಾಯಿ ನೋಡಬಾರದೆಂದು ಕಣ್ಣು ಮುಚ್ಚಿಕೊಂಡೆ. ಮತ್ತೆ ಬಂತು ದನಿ, ದಪ್ಪಗೆ, ಒಡೆದು ಒಡೆದು:

"ಅವ್ವಾ, ಕುಕ್ಕರ್ ಸೀಟಿ ಹೊಡಿಯಾಕತ್ತೈತಿ. ಕೇಳಸಂಗಿಲ್ಲೇನ ನಿನಗ?"

ಕೇಳಿಸಿತು ಭಕ್ತಿ. ಸೀಟಿಯಲ್ಲ, ಅವಳ ಮಾತು. ಒಂದೊಂದು ಅಕ್ಷರವೂ ಕೇಳಿಸಿತು. ಅವಳ ಹಳೆಯ ಸಣ್ಣ ದನಿಯೇ ಮರಳಿದ್ದರೆ ಒಂದು ಮಾತೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಇದು ಗೂಡ್ಸ್ ಗಾಡಿಯ ಹಾಗೆ ನೇರ ಒಳಗೆ ಬಂತು. ಡಾಕ್ಟರ್ ಹೇಳುತ್ತಾರೆ, ನರ ತನ್ನ ಕಾಲಕ್ಕೆ ಗುಣವಾಯಿತು, ಆದರೆ ದನಿ ಇಷ್ಟೇ ದಪ್ಪವಾಗಿ ಉಳಿಯಬಹುದು, ಮೊದಲಿನ ಹಾಗೆ ಹಾಡಲು ಆಗಲಿಕ್ಕಿಲ್ಲ ಎಂದು. ಸ್ನೇಹ ಅದಕ್ಕೆ ಒಂದು ದಿನ ಅತ್ತಳು. ನಾನು ಅವಳ ಬೆನ್ನು ಸವರುತ್ತ ಕೂತಿದ್ದೆ. ನನಗೆ ಅವಳ ಅಳುವೂ ಕೇಳುತ್ತಿತ್ತು, ಪಾಪಿ ನಾನು, ಅದಕ್ಕೂ ಸಂತೋಷಪಟ್ಟೆ. ಮರುದಿನ ಹಾರ್ಮೋನಿಯಂ ತೆಗೆದು, ಎಡಗಡೆಯ ದಪ್ಪ ಸ್ವರದ ಮನೆಗಳನ್ನು ಒತ್ತಿ ಒತ್ತಿ ನೋಡುತ್ತಿದ್ದಳು. ಅದೂ ನನಗೆ ಕೇಳಿಸಿತು.

ಇದು ಹೇಗಾಯಿತು, ಯಾರು ಮಾಡಿದರು, ನನಗೆ ಗೊತ್ತಿಲ್ಲ. ನನ್ನ ಕಿವಿಯಲ್ಲಿ ಎಷ್ಟು ಉಳಿದಿತ್ತೋ ಅಷ್ಟಕ್ಕೇ ಅಳೆದ ಹಾಗೆ ಆ ದನಿ ಬಂದಿದೆ. ನೀನು ಒರತೆಗೆ ಹೋಗಿ ನನ್ನ ಪರವಾಗಿ ಒಂದು ಪ್ರದಕ್ಷಿಣೆ ಹಾಕು. ಏನೂ ಕಟ್ಟಬೇಡ.

ಈ ಕಾಗದ ತಲುಪಿದ ಮೇಲಿನ ಭಾನುವಾರ ಫೋನ್ ಮಾಡು. ನಿನ್ನ ಆ ಇಲಿಯ ದನಿ ನನಗೆ ಕೇಳುವುದಿಲ್ಲ. ಸ್ನೇಹ ಪಕ್ಕದಲ್ಲಿ ಕೂತು, ನೀನು ಹೇಳಿದ್ದನ್ನೆಲ್ಲ ನನಗೆ ಹೇಳುತ್ತಾಳೆ.

ನಿನ್ನ ಅತ್ಯಾ
ಕೃಷ್ಣಾಬಾಯಿ